ವಾಲ್ವ್ ಫ್ಲೋಟ್
ನಾಲ್ಕು ಸ್ಟ್ರೋಕ್‌ ಎಂಜಿನ್‌ನ ವೇಗ ಮಿತಿಮೀರಿದಾಗ ಕವಾಟಗಳು ಕ್ಯಾಮ್‌ನ ಚಲನೆಯನ್ನು ಅನುಸರಿಸಲಾರದ ಸ್ಥಿತಿಯನ್ನು ವಾಲ್ವ್ ಫ್ಲೋಟ್ ಎನ್ನುತ್ತಾರೆ. ನಿಮಿಷಕ್ಕೆ 8,000 ಸುತ್ತುಗಳ ವೇಗದಲ್ಲಿ ಪ್ರತಿಯೊಂದು ಕವಾಟವೂ 4,000 ಬಾರಿ ತೆರೆದು ಮುಚ್ಚಬೇಕು. ಸ್ಪ್ರಿಂಗಿನ ಬಲ ಸಾಲದಿದ್ದರೆ ಕವಾಟವು ತಡವಾಗಿ ಮುಚ್ಚಿ ಶಕ್ತಿ ಕುಗ್ಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ಕವಾಟಕ್ಕೆ ಬಡಿದು ಎರಡೂ ಮುರಿಯಬಹುದು.

ಗಡಸು ಸ್ಪ್ರಿಂಗ್, ಹಗುರವಾದ ಕವಾಟ ಹಾಗೂ ಟೈಟಾನಿಯಂ ರಿಟೇನರ್‌ಗಳಿಂದ ಇದನ್ನು ತಡೆಯಬಹುದು. ಆದರೆ ಅತಿ ಗಡಸಾದ ಸ್ಪ್ರಿಂಗ್ ಕ್ಯಾಮ್‌ ಅನ್ನು ಬೇಗ ಸವೆಸುತ್ತದೆ. ಕವಾಟ ಪೂರ್ಣ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಲೂಬಾರದು. ಆದ್ದರಿಂದ ಈ ಭಾಗಗಳನ್ನು ಕ್ಯಾಮ್‌ಗೆ ಹೊಂದುವಂತೆ ಒಟ್ಟಾಗಿ ಆರಿಸುವುದು ಅಗತ್ಯ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್‌ನ ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಸಿಲಿಂಡರಿನ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತಿದ್ದುದರಿಂದ ಈ ಸಮಸ್ಯೆ ಇರಲಿಲ್ಲ.