ದಾವಣಗೆರೆಯ ಜಹಗೀರು

ವಂಶಪಾರಂಪರ್ಯವಾದ ಪದವಿಗಳು ಎರಡು ಬಗೆಯವು. ಬರಿಯ ಹೆಸರಾಗಿ ನಿಲ್ಲುವುದು ಒಂದು; ಭೂಮಿಯ ಹುಟ್ಟುವಳಿಯೊಡನೆ ಬರುವುದು ಇನ್ನೊಂದು. ಈ ಭೇದವನ್ನರಿಯಲು ನಮ್ಮ ಸೀಮೆಯ ಚರಿತ್ರೆಯೇ ಸಾಕು.

ಹೊಯ್ಸಳ ವಿಷ್ಣುವರ್ಧನನು ಈ ಪ್ರಾಂತವನ್ನೊಳಗೊಂಡ ನೊಳಂಬವಾಡಿಯನ್ನು ಗೆದ್ದು ‘ನೊಳಂಬವಾಡಿಗೊಂಡ’ನೆನಿಸಿದನು. ಆ ಬಿರುದು ಅವನೊಡನೆ ಅಳಿಯದೆ ಮಗ ಮೊಮ್ಮಕ್ಕಳ ಶಾಸನಗಳಲ್ಲಿಯೂ ಮುಂದುವರಿಯಿತು. ಆದರೆ ಹೆಸರು ಉಳಿದರೂ ನೆಲವು ತಾನಾಗಿ ಉಳಿಯಲಿಲ್ಲ. ಮೊಮ್ಮಗನಾದ ಇಮ್ಮಡಿ ಬಲ್ಲಾಳನು ಉಚ್ಚಂಗಿಯ ಪಾಂಡ್ಯರೊಡನೆ ಮತ್ತೆ ಕಾದಿ, ಆ ಗಿರಿದುರ್ಗವನ್ನು ಹೊಸದಾಗಿ ಗೆಲ್ಲಬೇಕಾಯಿತು.

ಎರಡನೆಯ ಬಗೆಗೆ ದಾವಣಗೆರೆಯೇ ನಿದರ್ಶನವು. ಹದಿನೆಂಟನೆಯ ಶತಮಾನದಲ್ಲಿ ಇದು ಬೇತೂರಿನ ಬಳಿಯ ಒಂದು ಸಾಮಾನ್ಯ ಗ್ರಾಮವಾಗಿದ್ದಿತು. ಹೈದರಾಲಿಯು ಇದನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಜಹಗೀರೆಂದರೆ ನೆಲದ ಒಡೆತನವಲ್ಲ, ಅದರ ಕಂದಾಯವನ್ನು ಅನುಭವಿಸುವ ಹಕ್ಕು. ಕೊಟ್ಟ ದೊರೆಯ ಮನಸ್ಸು ತಿರುಗಿದರೆ ಅದೂ ಹೋಗುವುದು. ಇಂತಹ ಹಕ್ಕನ್ನು ಪಡೆದವರಲ್ಲಿ ಅನೇಕರು ಇದ್ದಷ್ಟು ಕಾಲ ರೈತರನ್ನು ಹಿಂಡಿಕೊಂಡರೆ ಆಶ್ಚರ್ಯವಿಲ್ಲ. ಅಪೋಜಿರಾಮನಾದರೋ ವರ್ತಕರನ್ನು ಕರೆತಂದು, ಪ್ರೋತ್ಸಾಹವನ್ನಿತ್ತು ನೆಲೆಗೊಳಿಸಿದನು. ಪೇಟೆಯು ಬೆಳೆಯಿತು.

ಅವನು ಸಂತಾನವಿಲ್ಲದೆ ತೀರಿಕೊಂಡನು. ಜಹಗೀರು ಮುಗಿಯಿತು, ವರ್ತಕರ ವ್ಯಾಪಾರವು ಮುಗಿಯಲಿಲ್ಲ. 1801ರಲ್ಲಿ ಈ ಮಾರ್ಗವಾಗಿ ಬಂದ ಬುಕಾನನ್ ಸಾಹೇಬನು ಇಲ್ಲಿಯ ಕಂಬಳಿಯ ಕಸಬನ್ನೂ ವ್ಯಾಪಾರವನ್ನೂ ಕಂಡು ಬರೆದಿಟ್ಟಿದ್ದಾನೆ. ಮುಂದೆ ಹತ್ತಿಯ ಗಿರಣಿಗಳೆದ್ದುದೂ, 1997ರಲ್ಲಿ ಊರು ಜಿಲ್ಲೆಯ ಮುಖ್ಯಪಟ್ಟಣವಾದುದೂ ವಾಚಕರಿಗೆ ತಿಳಿದ ವಿಷಯವೇ.

ಸ್ಪೇನ್ ದೇಶದ ಡ್ಯೂಕ್, ಮಾರ್ಕಿಸ್ ಮೊದಲಾದ ಪದವಿಗಳ ಗತಿಯು ಇದಕ್ಕೆ ವಿಪರೀತವಾದುದು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅವಿಭಾಜ್ಯ ಆಸ್ತಿಯ ಕಟ್ಟಳೆಯು ರದ್ದಾಗಲು, ಭೂಮಿಯು ಹಂಚಿಹೋಗಿ ಹೆಸರು ಮಾತ್ರ ಹಿರಿಯ ಮಗನ ಪಾಲಿಗೆ ಉಳಿಯಿತು. 1931ರಲ್ಲಿ ಗಣರಾಜ್ಯವು ಆ ಹೆಸರುಗಳನ್ನೂ ತೆಗೆದುಹಾಕಿತು. 1948ರಲ್ಲಿ ಅವು ಮರಳಿ ಬಂದವು. ಹಿರಿಯ ಮಗಳಿಗೂ ಸಮಾನವಾದ ಹಕ್ಕು ದೊರೆತುದು 2006ರಲ್ಲಿ. ನಮ್ಮಲ್ಲಿಯೋ 1950ರ ಸಂವಿಧಾನವು ಬಿರುದುಗಳನ್ನೂ, ಮೈಸೂರಿನ 1954ರ ಶಾಸನವು ಇನಾಮುಗಳನ್ನೂ ಕೊನೆಗಾಣಿಸಿದವು.

ಹಾಗಾದರೆ ಪದವೀಧರನು ಬಿಟ್ಟುಹೋಗುವುದೇನು? ಹರಿಹರದಲ್ಲಿ ಪೊಲಾಳ್ವನ ದಂಡನಾಯಕ ಪದವಿಯು ಇಂದು ಇಲ್ಲ. 1224ರ ಸುಮಾರಿಗೆ ಅವನು ಕಟ್ಟಿಸಿದ ಹರಿಹರೇಶ್ವರನ ಗುಡಿಯು ಇದೆ. ಅಪೋಜಿರಾಮನಿಗೆ ವಂಶವಿಲ್ಲ, ಪೇಟೆಯಿದೆ. ರಕ್ತದ ವಾರಸುದಾರನಿಲ್ಲದವನಿಗೆ ಊರೇ ವಾರಸುದಾರನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ.