ಉದ್ಯೋಗ ಮುಗಿದ ಮೇಲಣ ಉದ್ಯೋಗ

ಸರ್ಕಾರದ ಚಾಕರಿಯಲ್ಲಿ ಮೂವತ್ತು ವರ್ಷ ಸವೆದವನೊಬ್ಬನು ವಿಶ್ರಾಂತಿವೇತನದ ಆಜ್ಞೆಯನ್ನು ಪಡೆದು ಮನೆಗೆ ಬಂದ ಮರುದಿನ, ಎಂದಿನ ಹೊತ್ತಿಗೇ ಎದ್ದು, ಸ್ನಾನ ಲಿಂಗಪೂಜೆಗಳನ್ನು ತೀರಿಸಿ, ಪ್ರಸಾದವನ್ನು ಸ್ವೀಕರಿಸಿ, ಇನ್ನು ಹೋಗುವುದೆಲ್ಲಿಗೆಂದು ತಿಳಿಯದೆ ಜಗಲಿಯ ಮೇಲೆ ಕುಳಿತುಬಿಡುವುದುಂಟು. ನಮ್ಮ ಪೂರ್ವಿಕರಿಗೆ ಈ ವಿಧದ ಕ್ಲೇಶವಿರಲಿಲ್ಲ. ನೇಗಿಲು ಹಿಡಿದವನೂ ಮಗ್ಗದ ಮುಂದೆ ಕುಳಿತವನೂ ಮೈಯಲ್ಲಿ ಕಸುವಿರುವವರೆಗೆ ದುಡಿದು, ಕಸುವು ತಗ್ಗಿದ ಮೇಲೆ ಮಕ್ಕಳಿಗೆ ಹೇಳಿಕೊಡುತ್ತ ಇರುತ್ತಿದ್ದರು. ಶರಣರು ಕಾಯಕವೆಂದು ಕರೆದುದಕ್ಕೆ ಇಷ್ಟು ವರ್ಷವೆಂಬ ಅವಧಿಯನ್ನು ಕಟ್ಟಲಿಲ್ಲ. ಐವತ್ತೈದನೆಯ ವಯಸ್ಸಿಗೆ ಮನುಷ್ಯನ ಕೆಲಸ ಮುಗಿಯಿತೆಂಬ ಗಡಿಯು ಆಂಗ್ಲರ ಕಾಲದ ಕಚೇರಿಗಳೊಡನೆ ನಮ್ಮ ನಾಡಿಗೆ ಬಂದುದು.

ಶ್ರೀಮಠದ ಭಕ್ತವೃಂದದಲ್ಲಿ ಉಪಾಧ್ಯಾಯರು, ಅಮಲ್ದಾರರು, ಗುಮಾಸ್ತರು ಮೊದಲಾಗಿ ಈ ಗಡಿಯನ್ನು ದಾಟಿದ ಹಿರಿಯರು ಅನೇಕರಿರುವುದರಿಂದ, ಕನ್ನಡ ವಿದ್ಯೆಯ ಇತಿಹಾಸದಲ್ಲಿ ಇದೇ ಗಡಿಯನ್ನು ದಾಟಿದ ಇಬ್ಬರು ಮಹನೀಯರು ಮುಂದೇನು ಮಾಡಿದರೆಂಬುದನ್ನು ಇಲ್ಲಿ ವಿವರಿಸುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಮೊದಲನೆಯವರು ಬಿ. ಎಲ್. ರೈಸರು. ಪಾದ್ರಿಗಳೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಇವರು ಮೈಸೂರು ಸೀಮೆಯ ವಿದ್ಯಾ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಪಾಠಶಾಲೆಗಳ ತನಿಖೆಗೆಂದು ಊರೂರು ತಿರುಗುವ ಅಧಿಕಾರಿಗೆ ಕೆರೆಯ ಏರಿಯ ಮೇಲೂ ಗುಡಿಯ ಅಂಗಳದಲ್ಲೂ ನಿಂತ ಬರೆಹದ ಕಲ್ಲುಗಳು ಕಣ್ಣಿಗೆ ಬೀಳದಿರಲಾರವು. ಮೇಜರ್ ಡಿಕ್ಸನ್ ಎಂಬವರು ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅರ್ಥಮಾಡುವ ಭಾರವೂ ಇವರ ಮೇಲೆ ಬಿದ್ದಿತು. ಅದರ ಫಲವು 1879ರಲ್ಲಿ ಗ್ರಂಥರೂಪವಾಗಿ ಹೊರಬಂದಿತು. ಮುಂದೆ ಪ್ರಾಕ್ತನ ಸಂಶೋಧನೆಯ ಅಧಿಕಾರವೇ ಇವರಿಗೆ ದೊರೆತು, 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಅಚ್ಚಾದವು. 1906ರಲ್ಲಿ, ಅರುವತ್ತೊಂಬತ್ತನೆಯ ವಯಸ್ಸಿನ ಸುಮಾರಿಗೆ, ಇವರು ಅಧಿಕಾರವನ್ನು ಬಿಟ್ಟು ಇಂಗ್ಲೆಂಡಿಗೆ ತೆರಳಿದರು.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಆಲೋಚಿಸಬೇಕು. ಈ ಪಂಡಿತನ ವಿದ್ಯೆಯೆಲ್ಲ ನಮ್ಮ ಕಲ್ಲುಗಳಲ್ಲಿತ್ತು; ಆ ಕಲ್ಲುಗಳು ಇಲ್ಲಿಯೇ ಉಳಿದವು. ಹ್ಯಾರೋ ಎಂಬ ಊರಿನಲ್ಲಿ ನೆಲಸಿದ ಮುದುಕನಿಗೆ ಹೊಸದೊಂದು ವೀರಗಲ್ಲು ಸಿಕ್ಕುವ ಸಂಭವವೇ ಇರಲಿಲ್ಲ. ಆದರೂ 1909ರಲ್ಲಿ ಲಂಡನ್ನಿನಲ್ಲಿ 'ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗು' ಎಂಬರ್ಥದ ಇಂಗ್ಲಿಷ್ ಗ್ರಂಥವು ಇವರಿಂದ ಪ್ರಕಟವಾಯಿತು. ಹನ್ನೆರಡು ಸಂಪುಟಗಳಲ್ಲಿ ಊರು ಊರಿಗೂ ಚೆದರಿ ಬಿದ್ದಿದ್ದ ಗಂಗರು, ಚಾಳುಕ್ಯರು, ಹೊಯ್ಸಳರು ಅದರಲ್ಲಿ ಸಾಲಾಗಿ ಬಂದು ನಿಂತರು. ಹಿಂದೆ 1886ರಲ್ಲಿ ಅಚ್ಚಾಗಿದ್ದ ಕೊಡಗಿನ ಶಾಸನಗಳನ್ನು ತಿದ್ದಿ ಹೆಚ್ಚಿಸಿದ ಆವೃತ್ತಿಯೂ 1914ರಲ್ಲಿ ಹೊರಟಿತು. ಆಗ ಇವರಿಗೆ ವಯಸ್ಸು ಎಪ್ಪತ್ತೇಳು. 1927ರಲ್ಲಿ, ತೊಂಬತ್ತು ತುಂಬಲು ಕೆಲವೇ ದಿನಗಳಿರುವಾಗ, ಅವರು ಅಲ್ಲಿಯೇ ತೀರಿಕೊಂಡರು.

ನನಗೆ ತೋರುವಂತೆ, ಅಧಿಕಾರದ ಕಾಲವು ಕೂಡಹಾಕುವುದಕ್ಕೆ ಒದಗುವುದೇ ಹೊರತು ಹೊಂದಿಸುವುದಕ್ಕೆ ಒದಗುವುದಿಲ್ಲ. ಕಚೇರಿಯಲ್ಲಿ ಆಳುಕಾಳುಗಳುಂಟು, ಸಂಚಾರದ ಭತ್ಯವುಂಟು, ಬಾಗಿಲು ತೆರೆಯಿಸುವ ಮುದ್ರೆಯುಂಟು. ಆದರೆ ಒಂದು ವಿಷಯವನ್ನು ಎದುರಿಗಿಟ್ಟುಕೊಂಡು ಎಡೆಬಿಡದೆ ಕುಳಿತುಕೊಳ್ಳುವ ಪುರಸತ್ತು ಮಾತ್ರವಿಲ್ಲ. ಆ ಪುರಸತ್ತು ಬರುವ ವೇಳೆಗೆ ಆಳೂ ಮುದ್ರೆಯೂ ಹೋಗಿರುತ್ತವೆ. ಹಿಂದೆ ಕೂಡಹಾಕಿದುದುಳ್ಳವನಿಗೆ ಈ ಬದಲಾವಣೆಯು ಲಾಭವೇ ಸರಿ. ಏನನ್ನೂ ಕೂಡಹಾಕದವನ ಗತಿ ಕಷ್ಟ. ಅವನಿಗೆ ಪಗಡೆಯ ಹಾಸು ಬೇಕಾಗುತ್ತದೆ.

ಎರಡನೆಯವರಾದ ಆರ್. ನರಸಿಂಹಾಚಾರ್ಯರ ಕಥೆ ಇದಕ್ಕಿಂತಲೂ ಹತ್ತಿರದ್ದು. 1860ರಲ್ಲಿ ಹುಟ್ಟಿದ ಇವರು ಮೊದಲು ರೈಸರಿಗೆ ಸಹಾಯಕರಾಗಿದ್ದು, 1906ರಲ್ಲಿ ಅವರ ಸ್ಥಾನಕ್ಕೆ ಬಂದು, 1922ರವರೆಗೆ ಪ್ರಾಕ್ತನ ಇಲಾಖೆಯನ್ನು ನಡೆಸಿದರು. ರೈಸರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ್ದರು. ಅದೇ ಸಂಪುಟವನ್ನು ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಶಾಸನಗಳ ಸಂಖ್ಯೆ 500 ಆಯಿತು. ಈ ಪರಿಷ್ಕೃತ ಸಂಪುಟವು ಹೊರಬಂದುದು 1923ರಲ್ಲಿ, ಅಂದರೆ ಅವರು ಕಚೇರಿಯನ್ನು ಬಿಟ್ಟ ಮರುವರ್ಷ.

ಆದರೆ ಅವರ ಹೆಸರನ್ನು ಉಳಿಸಿರುವುದು ಕಚೇರಿಯ ಕರ್ತವ್ಯಕ್ಕೆ ಸೇರದ 'ಕರ್ಣಾಟಕ ಕವಿಚರಿತೆ'. ಎಸ್. ಜಿ. ನರಸಿಂಹಾಚಾರ್ಯರೊಡನೆ ಕೂಡಿ ಆರಂಭಿಸಿದ ಈ ಕೆಲಸದ ಮೊದಲನೆಯ ಸಂಪುಟವು 1907ರಲ್ಲಿ ಪ್ರಕಟವಾಯಿತು. ಜೊತೆಗಾರರು ಅದೇ ವರ್ಷ ಕಾಲವಾದರು. ಮಿಕ್ಕ ಭಾರವು ಒಬ್ಬರದೇ ಆಯಿತು. ಎರಡನೆಯ ಸಂಪುಟಕ್ಕೆ ಹನ್ನೆರಡು ವರ್ಷ ಹಿಡಿದು, ಅದು 1919ರಲ್ಲಿ ಹೊರಟಿತು. ಮೂರನೆಯದು 1929ರಲ್ಲಿ, ಆಗ ಗ್ರಂಥಕರ್ತರ ವಯಸ್ಸು ಅರುವತ್ತೊಂಬತ್ತು. ಕವಿಯ ಕಾಲ, ಮತ, ಆಶ್ರಯ, ಗ್ರಂಥಗಳು, ಶೈಲಿಗೆ ಒಂದೆರಡು ಪದ್ಯಗಳ ಮಾದರಿ ಎಂಬೀ ಕ್ರಮದಲ್ಲಿ ನೂರಾರು ಜನರನ್ನು ನಿಲ್ಲಿಸಬೇಕಾದರೆ ಓಲೆಗರಿಯ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಕೊನೆಯ ಗರಿಯವರೆಗೂ ಓದಬೇಕು. ಶ್ರೀವೈಷ್ಣವರಾದ ಆಚಾರ್ಯರು ನಮ್ಮ ಕವಿಗಳನ್ನೂ ಜೈನ ಕವಿಗಳನ್ನೂ ಅದೇ ಶ್ರದ್ಧೆಯಿಂದ ಎತ್ತಿಹಿಡಿದರೆಂಬುದನ್ನು ನಾವು ಮರೆಯಲಾಗದು.

ಕವಿಚರಿತೆಯಲ್ಲಿ ಕಾಣದಿದ್ದ ಅನೇಕ ವಚನಕಾರರನ್ನು ಬೆಳಕಿಗೆ ತಂದವರು ವಿಜಾಪುರದ ಫ. ಗು. ಹಳಕಟ್ಟಿಯವರು. ನಾನು ಮೇಲೆ ಹೇಳಿದ ಮಾತು ಈ ಮಹಾಶಯರಿಗೆ ಅನ್ವಯಿಸುವುದಿಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಬೇಕಾದುದೇ. ವಕೀಲರಾಗಿದ್ದ ಅವರಿಗೆ ವಿಶ್ರಾಂತಿವೇತನವೂ ಇಲ್ಲ, ವಿಶ್ರಾಂತಿಯೂ ಇಲ್ಲ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚುಹಾಕಿಸಿದಾಗ ಅವರಿಗೆ ನಲವತ್ತಮೂರು. 1925ರಲ್ಲಿ ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು. ಐವತ್ತೈದರ ತನಕ ಅವರು ಕಾದಿದ್ದರೆ ಎಷ್ಟೋ ಕಟ್ಟುಗಳು ಪುಡಿಯಾಗಿರುತ್ತಿದ್ದುವು. ಹುಳುವು ಯಾರ ವಿಶ್ರಾಂತಿಯನ್ನೂ ಕಾಯುವುದಿಲ್ಲ.

ಇಂದಿಗೂ ನಾಡಿನ ಅನೇಕ ಮಠಗಳಲ್ಲಿಯೂ ಹಳೆಯ ಮನೆಗಳ ಅಟ್ಟಗಳಲ್ಲಿಯೂ ಕೆಂಪು ವಸ್ತ್ರದಲ್ಲಿ ಸುತ್ತಿದ ಕಟ್ಟುಗಳು ವಿಭೂತಿಯನ್ನು ಧರಿಸಿ ಪೂಜೆಗೊಳ್ಳುತ್ತ ಕುಳಿತಿವೆ. ಒಳಗೇನಿದೆಯೆಂದು ಪೂಜಿಸುವವರಿಗೂ ತಿಳಿಯದು. ಗರಿಗಳ ಧೂಳೊರಸಿ, ಎಣ್ಣೆ ಸವರಿ, ಆದಿ ಅಂತ್ಯಗಳನ್ನು ಬರೆದುಕೊಂಡು ಪಟ್ಟಿಮಾಡುವ ಕೆಲಸಕ್ಕೆ ದೊಡ್ಡ ಪಾಂಡಿತ್ಯಕ್ಕಿಂತ ಹೊತ್ತು ಹೆಚ್ಚು ಬೇಕು. ಬಿಡಿ ಅಕ್ಷರಗಳನ್ನು ಬಿಡಿಸುವ ಅಭ್ಯಾಸವು ಆರು ತಿಂಗಳಲ್ಲಿ ಕೈಗೂಡಬಹುದು. ನಮ್ಮ ಹಿರಿಯ ಉಪಾಧ್ಯಾಯರಿಗೆ ಇವೆರಡೂ ದುರ್ಲಭವಲ್ಲ.

ನರಸಿಂಹಾಚಾರ್ಯರು 'ಕವಿಚರಿತೆ'ಯ ಮೂರನೆಯ ಸಂಪುಟದೊಡನೆ ಲೇಖನಿಯನ್ನು ಕೆಳಗಿಡಲಿಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿ ಉಪನ್ಯಾಸಗಳನ್ನು ಸಿದ್ಧಪಡಿಸಿದರು. 1936ರಲ್ಲಿ ಅವರು ದಿವಂಗತರಾದರು. ಆ ಉಪನ್ಯಾಸಗಳು ಪುಸ್ತಕವಾಗಿ ಅಚ್ಚಾದುದು 1940ರಲ್ಲಿ.