ಸೇತುವೆ ಇದೆ, ದಾಟೋಕೆ ವೀಸಾ ಬೇಕು

ಬಹ್ರೇನ್ ಎಲ್ಲಿದೆ ಅಂತ ಕಾಪು ಪೇಟೆಯಲ್ಲಿ ಕೇಳಿ ನೋಡಿ. ಯಾರೂ ಭೂಪಟ ಹುಡುಕೋದಿಲ್ಲ. "ನಮ್ಮ ಭಾವ ಅಲ್ಲೇ ಇದ್ದಾರಲ್ಲ" ಅಂತಾರೆ. ಉಡುಪಿ, ಕಾರ್ಕಳದಲ್ಲೂ ಅಷ್ಟೇ. ಉಡುಪಿ ಜಿಲ್ಲೆಯ ಕಾಲು ಭಾಗದಷ್ಟೂ ಇಲ್ಲದ ಆ ದ್ವೀಪ ದೇಶ ನಮ್ಮ ಕರಾವಳಿಗೆ ಪಕ್ಕದ ಊರಿದ್ದ ಹಾಗೆ.

ಈ ನಂಟು ಇಂದಿನದಲ್ಲ. 1932ರಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು. 1965ರವರೆಗೆ ಅಲ್ಲಿ ನಡೆಯುತ್ತಿದ್ದದ್ದು ರೂಪಾಯಿ! 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡಿಗೆಂದೇ ಬೇರೆ ನೋಟು ಹೊರಡಿಸಿತ್ತು. ಆಮೇಲೆ ದಿನಾರ್ ಬಂತು. 1973ರ ನಂತರ ಎಣ್ಣೆ ಬೆಲೆ ಗಗನಕ್ಕೇರಿತು. ಕಟ್ಟಡಗಳೆದ್ದವು, ಕೈಗಳು ಬೇಕಾದವು. ನಮ್ಮ ಅಡುಗೆಯವರು, ಮೆಕ್ಯಾನಿಕ್‌ಗಳು, ಲೆಕ್ಕ ಬರೆಯುವವರು, ನರ್ಸ್‌ಗಳು ಹೊರಟರು.

ಈಗ ಇತಿಹಾಸದ ಇನ್ನೊಂದು ಪುಟ ನೋಡಿ. 1981ರಲ್ಲಿ ಬಹ್ರೇನ್, ಸೌದಿ ಸೇರಿ ಆರು ದೇಶಗಳು ಕೊಲ್ಲಿ ಸಹಕಾರ ಮಂಡಳಿ ಕಟ್ಟಿದವು. 1986ರಲ್ಲಿ ಬಹ್ರೇನ್‌ನಿಂದ ಸೌದಿಗೆ 25 ಕಿಲೋಮೀಟರ್ ಉದ್ದದ ಸಮುದ್ರ ಸೇತುವೆ ತೆರೆಯಿತು. 2008ರಲ್ಲಿ ಸಾಮಾನ್ಯ ಮಾರುಕಟ್ಟೆಯೂ ಬಂತು: ಆರೂ ದೇಶಗಳ ಪ್ರಜೆಗಳು ಎಲ್ಲಿ ಬೇಕಾದರೂ ದುಡಿಯಬಹುದು, ವ್ಯಾಪಾರ ಮಾಡಬಹುದು. ಒಳ್ಳೆಯದೇ. ಆದರೆ ಅಲ್ಲಿ ಬೆವರು ಸುರಿಸುವ ಕಾರ್ಕಳದ ಹುಡುಗ ಆ ಪಟ್ಟಿಯಲ್ಲಿ ಇಲ್ಲ. ಅವನಿಗೆ ವೀಸಾ ಬೇಕು, ಪ್ರಾಯೋಜಕ ಬೇಕು. ಇದಕ್ಕೆ ಕಫಾಲಾ ಅಂತಾರೆ. ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಬಹ್ರೇನ್ 2009ರಲ್ಲಿ ಅವಕಾಶ ಕೊಟ್ಟಿತು. 2011ರಲ್ಲಿ, ಮೊದಲು ಒಂದು ವರ್ಷ ಅಲ್ಲೇ ದುಡಿದಿರಬೇಕು ಅನ್ನೋ ಷರತ್ತು ಸೇರಿಸಿತು.

ಇತ್ತ ನಮ್ಮಲ್ಲಿ? 1983ರ ವಲಸೆ ಕಾಯ್ದೆ ಇದೆ. ಎಸ್ಸೆಸ್ಸೆಲ್ಸಿ ದಾಟದವರು ಬಹ್ರೇನ್‌ನಲ್ಲಿ ಕೆಲಸಕ್ಕೆ ಸೇರಬೇಕಾದರೆ ಸಾಮಾನ್ಯವಾಗಿ ಸರ್ಕಾರದ ಅನುಮತಿ ಪಡೆಯಬೇಕು. ಉದ್ದೇಶ ರಕ್ಷಣೆ. ಸರಿ, ವಿಮಾನ ಹತ್ತಿದ ಮೇಲೆ ರಕ್ಷಿಸೋರು ಯಾರು ಸ್ವಾಮಿ?

ದುಡಿಯುವ ಮನುಷ್ಯನಿಗೆ ಇಷ್ಟೆಲ್ಲ ಬಾಗಿಲು. ಸಂಸ್ಥೆಗಾದರೆ? ಮಣಿಪಾಲವನ್ನೇ ನೋಡಿ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅಲ್ಲಿ ವೈದ್ಯಕೀಯ ಕಾಲೇಜು ತೆರೆದರು. ಮುಂದೆ ಮಣಿಪಾಲದ ಹೆಸರು ಮಲೇಷ್ಯಾದ ಮೆಲಾಕಾಕ್ಕೆ ಹೋಯಿತು. ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಆಂಟಿಗುವಾದ ವೈದ್ಯಕೀಯ ವಿಶ್ವವಿದ್ಯಾಲಯವೂ ಆ ಸಮೂಹದ ಕೈಗೆ ಬಂತು. ನಮಗೆ ಹೆಮ್ಮೆಯೇ. ಬಂಡವಾಳಕ್ಕೆ, ಪದವಿಗೆ ಸಮುದ್ರ ದಾಟೋದು ಸಲೀಸು. ಒಬ್ಬ ಅಡುಗೆಯವನಿಗೆ, ಒಬ್ಬ ನರ್ಸ್‌ಗೆ ಅಷ್ಟು ಸಲೀಸಲ್ಲ.

ಕಾಪುವಿನ ಎಷ್ಟೋ ಮನೆಗಳ ತಾರಸಿ ಬಿದ್ದದ್ದು, ಎಷ್ಟೋ ತಂಗಿಯರ ಮದುವೆಯಾದದ್ದು ಆ ಕೈಗಳ ದುಡ್ಡಿನಿಂದ. ಹಾಗಾಗಿ ನಾನು ಕೇಳೋದಿಷ್ಟೇ: ಕೊಲ್ಲಿ ದೇಶಗಳ ಜೊತೆ ದೆಹಲಿ ವ್ಯಾಪಾರದ ಮೇಜಿಗೆ ಕೂತಾಗ ಸುಂಕದ ಲೆಕ್ಕದ ಜೊತೆಗೆ ಈ ಮನುಷ್ಯನ ಲೆಕ್ಕವನ್ನೂ ಇಡಲಿ. ಕೆಲಸ ಬದಲಿಸುವ ಹಕ್ಕು, ತಪ್ಪದ ಸಂಬಳ, ಪಾಸ್‌ಪೋರ್ಟ್ ಅವನದೇ ಜೇಬಿನಲ್ಲಿ. ಇಷ್ಟನ್ನು ಬರವಣಿಗೆಯಲ್ಲಿ ತನ್ನಿ.